ಬಿಟ್ಟು ಹೊರಡುವ ಮನೆಯೋ, ಒಳಗೇ ಉಳಿಯುವ ಮನೆಯೋ? ಉತ್ತರ ಕನ್ನಡದ ಮಳೆಗಾಲಕ್ಕೆ ಯಾವ ತಯಾರಿ ಸರಿ

ಮೇ ತಿಂಗಳು ಬಂತೆಂದರೆ ನಮ್ಮ ಜಿಲ್ಲೆಯಲ್ಲಿ ಎಲ್ಲರ ಮನೆಯಲ್ಲೂ ಮಳೆಗಾಲದ ಕೆಲಸ ಶುರು. ಶಿರಸಿ, ಸಿದ್ದಾಪುರ ಕಡೆ ಸೌದೆ ಒಳಗೆ ಸೇರುತ್ತದೆ, ಹಲಸಿನ ಹಪ್ಪಳ ಡಬ್ಬಿ ತುಂಬುತ್ತದೆ. ಕಾರವಾರ, ಅಂಕೋಲೆ, ಕುಮಟೆ ಕಡೆ ಹಂಚು ಸರಿ ಮಾಡಿಸುತ್ತಾರೆ, ಒಣಮೀನು ಕಟ್ಟಿಡುತ್ತಾರೆ. ಮಳೆ ಕಳೆಯುವುದು ನಮಗೆ ಗೊತ್ತು. ಆದರೆ ಗುಡ್ಡ ಕುಸಿದಾಗ, ಹೊಳೆ ಅಂಗಳಕ್ಕೆ ಬಂದಾಗ, ನಾಲ್ಕು ದಿನ ಕರೆಂಟೂ ಇಲ್ಲ, ರಸ್ತೆಯೂ ಇಲ್ಲ ಎಂದಾದಾಗ ಏನು ಬೇಕು ಎಂಬುದನ್ನು ಯೋಚಿಸುವವರು ಕಡಿಮೆ.

ಯೋಚಿಸಿದವರು ಮೊದಲು ಕೇಳುವ ಪ್ರಶ್ನೆ "ಏನೇನು ತಂದಿಡಬೇಕು?" ಎಂದು. ಇನ್ವರ್ಟರ್ ತರಲಾ, ಸೋಲಾರ್ ಹಾಕಿಸಲಾ, ಎರಡನೇ ಸಿಲಿಂಡರ್ ಬೇಕಾ ಅಂತ. ಈ ಪ್ರಶ್ನೆಗೆ ಎಲ್ಲ ಮನೆಗೂ ಹೊಂದುವ ಒಂದೇ ಉತ್ತರ ಇಲ್ಲ. ಕಡವಾಡದ ಗುಡ್ಡದ ಬುಡದ ಮನೆಗೆ ಬೇಕಾದದ್ದೇ ಬೇರೆ, ಯಲ್ಲಾಪುರದ ಕಾಡಿನೊಳಗಿನ ತೋಟದ ಮನೆಗೆ ಬೇಕಾದದ್ದೇ ಬೇರೆ. ಹಾಗಾಗಿ ಒಂದು ರೂಪಾಯಿ ಖರ್ಚು ಮಾಡುವ ಮೊದಲು ಇದನ್ನು ತೀರ್ಮಾನ ಮಾಡಿ: ತೊಂದರೆ ಬಂದಾಗ ನಿಮ್ಮದು ಬಿಟ್ಟು ಹೊರಡಬೇಕಾದ ಮನೆಯೋ, ಅಥವಾ ಹೊರಗೆ ಹೋಗಲು ದಾರಿಯಿಲ್ಲದೆ ಒಳಗೇ ಉಳಿಯಬೇಕಾದ ಮನೆಯೋ? ಮುಂದಿನ ಎಲ್ಲ ಆಯ್ಕೆಯೂ ಇದರ ಮೇಲೇ ನಿಂತಿದೆ.

ನಿಮ್ಮ ಮನೆ ಯಾವುದು?

ಧರೆಯಿಂದ, ಅಂದರೆ ಗುಡ್ಡ ಕಡಿದಾಗ ಉಳಿಯುವ ಕಡಿದಾದ ಮಣ್ಣಿನ ಗೋಡೆಯಿಂದ ಶುರು ಮಾಡೋಣ. ಮನೆ ಕಟ್ಟಲು ಗುಡ್ಡ ಕಡಿದು ಸಮತಟ್ಟು ಮಾಡಿದ ಜಾಗ ನಮ್ಮಲ್ಲಿ ಬೇಕಾದಷ್ಟಿದೆ. ಹಿಂದೆ ನೇರವಾಗಿ ನಿಂತ ಧರೆ, ಮುಂದೆ ಅಡುಗೆಮನೆ. 2009ರ ಅಕ್ಟೋಬರ್ 2ರಂದು ಕಾರವಾರದ ಕಡವಾಡದಲ್ಲಿ ಗುಡ್ಡ ಕುಸಿದು ಮನೆಗಳೇ ಮಣ್ಣಿನಡಿ ಹೋದವು. 2021ರ ಜುಲೈನಲ್ಲಿ ಯಲ್ಲಾಪುರದ ಕಳಚೆ. 2022ರ ಆಗಸ್ಟ್‌ನಲ್ಲಿ ಭಟ್ಕಳದ ಮುಟ್ಟಳ್ಳಿ, ಅಲ್ಲಿ ಒಂದೇ ಮನೆಯ ನಾಲ್ವರು ಹೋದರು. 2024ರ ಜುಲೈ 16ರಂದು ಅಂಕೋಲೆಯ ಶಿರೂರು. ಶಿರೂರಿನಲ್ಲಿ ಕುಸಿದ ಮಣ್ಣು ಹೆದ್ದಾರಿ ದಾಟಿ ಗಂಗಾವಳಿಗೆ ಬಿತ್ತು. ಆ ರಭಸಕ್ಕೆ ನೀರು ಎದ್ದು ಆಚೆ ದಡದ ಉಳುವರೆಯ ಮನೆಗಳಿಗೆ ಬಡಿಯಿತು. ಗುಡ್ಡದಿಂದ ದೂರ ಇದ್ದೇವೆ ಎಂದುಕೊಂಡವರಿಗೂ ಅವತ್ತು ಉಳಿಗಾಲ ಇರಲಿಲ್ಲ.

ಧರೆಯ ಕೆಳಗಿನ ಮನೆ ಪೂರ್ತಿಯಾಗಿ ಬಿಟ್ಟು ಹೊರಡುವ ಮನೆ. ಇಲ್ಲಿ ಇನ್ವರ್ಟರ್, ದಿನಸಿ, ಟ್ಯಾಂಕು ಯಾವುದೂ ಜೀವ ಉಳಿಸುವುದಿಲ್ಲ. ಮುಂಚೆ ಹೊರಟದ್ದು ಮಾತ್ರ ಉಳಿಸುತ್ತದೆ.

ಹೊಳೆ ದಂಡೆಯ ಮನೆಯೂ ಬಿಟ್ಟು ಹೊರಡುವ ಮನೆಯೇ. ಆದರೆ ಯಾವ ಹೊಳೆ ಎಂಬುದು ಮುಖ್ಯ. ಕಾಳಿಗೆ ಸೂಪಾ, ಕೊಡಸಳ್ಳಿ, ಕದ್ರಾ ಅಣೆಕಟ್ಟುಗಳಿವೆ. ಶರಾವತಿಗೆ ಲಿಂಗನಮಕ್ಕಿ, ಗೇರುಸೊಪ್ಪೆ. ಇಲ್ಲಿ ನೀರು ಬಿಡುವ ಮೊದಲು ಸೂಚನೆ ಬರುತ್ತದೆ, ಮೈಕಿನಲ್ಲಿ ಕೂಗುತ್ತಾರೆ. 2019ರ ಆಗಸ್ಟ್‌ನಲ್ಲಿ ಕದ್ರಾದ ಕೆಳಗಿನ ಊರುಗಳಿಗೆ ನೀರು ನುಗ್ಗಿದ್ದು ನೆನಪಿರಬಹುದು. ಹಾಗಾಗಿ ಕಾಳಿ, ಶರಾವತಿ ದಂಡೆಯವರು ಅಣೆಕಟ್ಟಿನ ಮಟ್ಟದ ಮೇಲೆ ಕಣ್ಣಿಡಬೇಕು. ಗಂಗಾವಳಿ, ಅಘನಾಶಿನಿಗೆ ಅಂಥ ದೊಡ್ಡ ಅಣೆಕಟ್ಟು ಇಲ್ಲ. ಗಂಗಾವಳಿಯ ನೀರು ಧಾರವಾಡದ ಕಡೆಯಿಂದ ಬರುತ್ತದೆ. ಅಂಕೋಲೆಯಲ್ಲಿ ಮಳೆ ನಿಂತಿದ್ದರೂ ಹೊಳೆ ಏರುತ್ತಲೇ ಇರಬಹುದು. ಅಘನಾಶಿನಿ ಹುಟ್ಟುವುದೇ ಶಿರಸಿ ಹತ್ತಿರ. ಕುಮಟೆಯ ಹೊಳೆ ಬದಿಯವರಿಗೆ ಶಿರಸಿ, ಸಿದ್ದಾಪುರದ ನೆಂಟರ ಒಂದು ಫೋನು ಯಾವ ಆ್ಯಪ್‌ಗಿಂತಲೂ ಉಪಯೋಗ. "ನಿಮ್ಮಲ್ಲಿ ರಾತ್ರಿಯಿಡೀ ಹೊಯ್ದಿತಾ?" ಎಂದು ಕೇಳಿದರೆ ಸಾಕು. ಇದಕ್ಕೆ ಅಮಾವಾಸ್ಯೆ, ಹುಣ್ಣಿಮೆಯ ಭರತ (ಕಡಲಿನ ಉಬ್ಬರ) ಸೇರಿದರೆ ಹೊಳೆಯ ನೀರು ಸಮುದ್ರಕ್ಕೆ ಇಳಿಯದೆ ಅಳಿವೆಯ ಆಸುಪಾಸಿನ ಊರುಗಳಲ್ಲಿ ನಿಲ್ಲುತ್ತದೆ. ಕ್ಯಾಲೆಂಡರಿನಲ್ಲಿ ಆ ದಿನಗಳನ್ನು ಗುರುತು ಮಾಡಿಡಿ.

ಕಡಲ ದಂಡೆಯ ಮನೆಗೆ ಒಂದು ಅನುಕೂಲ ಇದೆ. ಚಂಡಮಾರುತದ ಸುದ್ದಿ ಒಂದೆರಡು ದಿನ ಮುಂಚೆಯೇ ಬರುತ್ತದೆ. 2019ರ ಅಕ್ಟೋಬರಿನ ಕ್ಯಾರ್ ಇರಲಿ, 2021ರ ಮೇ ತಿಂಗಳ ತೌಕ್ತೆ ಇರಲಿ, ಎರಡಕ್ಕೂ ಮುನ್ಸೂಚನೆ ಇತ್ತು. ಈ ಎರಡೂ ಮಳೆಗಾಲದ ಆಚೀಚೆ ಬಂದವು ಎಂಬುದನ್ನು ಮಾತ್ರ ಮರೆಯಬೇಡಿ. ಜೂನ್‌ಗೆ ತಯಾರಾದರೆ ಆಯಿತು ಅಂದುಕೊಂಡವರಿಗೆ ಮೇ ತಿಂಗಳ ಗಾಳಿ ಕಾಯುವುದಿಲ್ಲ.

ಇನ್ನು ಘಟ್ಟದ ಮೇಲಿನ ಮನೆಗಳು. ಶಿರಸಿ, ಸಿದ್ದಾಪುರ, ಯಲ್ಲಾಪುರ, ಜೋಯಿಡಾದ ಒಳಗಿನ ಊರುಗಳು. ಧರೆಯಿಂದ ದೂರ, ಎತ್ತರದಲ್ಲಿದ್ದರೆ ಮನೆಗೆ ಅಪಾಯ ಕಡಿಮೆ. ಆದರೆ ಮರ ಬಿದ್ದು ತಂತಿ ಕಡಿಯುತ್ತದೆ, ಕಾಲುಸಂಕ ಕೊಚ್ಚಿಹೋಗುತ್ತದೆ. 2021ರ ಜುಲೈನಲ್ಲಿ ಗುಳ್ಳಾಪುರದ ಸೇತುವೆ ಹೋದಾಗ ಆಚೆಯ ಊರುಗಳು ಹೇಗೆ ತುಂಡಾಗಿ ನಿಂತವು ಎಂಬುದನ್ನು ಆ ಕಡೆಯವರನ್ನೇ ಕೇಳಬೇಕು. ಇವು ಒಳಗೇ ಉಳಿಯುವ ಮನೆಗಳು. ಇವರು ಕನಿಷ್ಠ ಒಂದು ವಾರ ಹೊರಗಿನ ಸಹಾಯ ಇಲ್ಲದೆ ನಡೆಸುವಂತೆ ಇರಬೇಕು.

ಯಾವಾಗ ಹೊರಡಬೇಕು?

ಹವಾಮಾನ ಇಲಾಖೆ ಬಣ್ಣದಲ್ಲಿ ಎಚ್ಚರಿಕೆ ಕೊಡುತ್ತದೆ. ಅದು ಮಳೆಯ ಲೆಕ್ಕವೂ ಹೌದು. 24 ಗಂಟೆಯಲ್ಲಿ 64.5ರಿಂದ 115.5 ಮಿ.ಮೀ. ಆದರೆ ಭಾರಿ ಮಳೆ, 204.4 ಮಿ.ಮೀ. ವರೆಗೆ ಅತಿ ಭಾರಿ, ಅದರ ಮೇಲೆ ವಿಪರೀತ. ಸಾಮಾನ್ಯವಾಗಿ ಇವಕ್ಕೆ ಹಳದಿ, ಕಿತ್ತಳೆ, ಕೆಂಪು. ನಮ್ಮ ಕರಾವಳಿಯಲ್ಲಿ ಜುಲೈ ತಿಂಗಳಿಡೀ ಒಂದಲ್ಲ ಒಂದು ಬಣ್ಣ ಇದ್ದೇ ಇರುತ್ತದೆ. ಹಾಗಾಗಿ ಜನ ಅದನ್ನು ನೋಡುವುದನ್ನೇ ಬಿಟ್ಟಿದ್ದಾರೆ.

ನನ್ನ ಅಭಿಪ್ರಾಯ ಹೀಗೆ. ಎಚ್ಚರಿಕೆಗೂ ಆಪತ್ತಿಗೂ ನಡುವೆ ಸಿಗುವ ಸಮಯ ಕಡಿಮೆ ಇದ್ದಷ್ಟೂ ಬೇಗ ಹೊರಡಬೇಕು. ಚಂಡಮಾರುತಕ್ಕೆ ದಿನಗಳು ಸಿಗುತ್ತವೆ, ಅಣೆಕಟ್ಟಿರುವ ಹೊಳೆಗೆ ಗಂಟೆಗಳು, ಅಣೆಕಟ್ಟಿಲ್ಲದ ಹೊಳೆಗೆ ಇನ್ನೂ ಕಡಿಮೆ. ಧರೆ ಕುಸಿತಕ್ಕೆ ಏನೂ ಸಿಗದಿರಬಹುದು. ಆದ್ದರಿಂದ ಧರೆಯ ಕೆಳಗಿನವರು ಎರಡು ಮೂರು ದಿನ ಬಿಡದೆ ಮಳೆ ಹೊಯ್ದು, ಮೇಲೆ ಕಿತ್ತಳೆ ಅಥವಾ ಕೆಂಪು ಎಚ್ಚರಿಕೆ ಬಂದರೆ ಆ ರಾತ್ರಿ ಬೇರೆ ಕಡೆ ಮಲಗುವುದು ಒಳ್ಳೆಯದು. ಮನೆ ಬಿಡಲು ಮನಸ್ಸಿಲ್ಲದಿದ್ದರೂ ಧರೆ ಬದಿಯ ಕೋಣೆಯಲ್ಲಿ ಮಾತ್ರ ಯಾರನ್ನೂ ಮಲಗಿಸಬೇಡಿ.

ಇಷ್ಟು ಕಂಡರಂತೂ ಬಣ್ಣಕ್ಕೆ ಕಾಯುವುದು ಬೇಡ: ಧರೆಯ ಮೇಲ್ಭಾಗದಲ್ಲಿ ಹೊಸ ಬಿರುಕು, ಇದ್ದಕ್ಕಿದ್ದಂತೆ ವಾಲಿದ ಮರ ಅಥವಾ ಕಂಬ, ಇಲ್ಲದ ಕಡೆ ಒರತೆ, ತಿಳಿಯಾಗಿದ್ದ ಒರತೆ ಕೆಸರಾಗಿ ಬರುವುದು, ಸರಿಯಾಗಿದ್ದ ಬಾಗಿಲು ಹಾಕಲು ತೆಗೆಯಲು ಬಾರದೆ ಬಿಗಿಯುವುದು. ಆ ಕ್ಷಣವೇ ಹೊರಡಿ. ಕೆಳಗಿನ ಮನೆಯವರನ್ನೂ ಎಬ್ಬಿಸಿ.

ಎಲ್ಲಿಗೆ?

ಸರ್ಕಾರ ತೆರೆಯುವ ಕಾಳಜಿ ಕೇಂದ್ರ, ನೆಂಟರ ಮನೆ, ಪೇಟೆಯಲ್ಲಿ ಬಾಡಿಗೆ ಕೋಣೆ. ಇರುವುದು ಈ ಮೂರೇ. ಕಾಳಜಿ ಕೇಂದ್ರದಲ್ಲಿ ಊಟ ಸಿಗುತ್ತದೆ, ಆರೋಗ್ಯ ಇಲಾಖೆಯವರು ಬಂದು ಹೋಗುತ್ತಾರೆ, ಪರಿಹಾರಕ್ಕೆ ಹೆಸರು ಬರೆಸುವುದೂ ಸುಲಭ. ಆದರೆ ಶಾಲೆಯ ಕೋಣೆಯಲ್ಲಿ ಬಾಣಂತಿ, ಹಾಸಿಗೆ ಹಿಡಿದ ಅಜ್ಜ, ಸಣ್ಣ ಮಕ್ಕಳು ಇರುವುದು ಕಷ್ಟ. ಇಂಥವರಿರುವ ಮನೆಗೆ ನೆಂಟರ ಮನೆಯೇ ಸರಿ. ಒಂದೇ ಷರತ್ತು, ಅಲ್ಲಿಗೆ ಹೋಗಲು ಹೊಳೆ, ಸೇತುವೆ, ಘಟ್ಟ ದಾಟುವಂತಿರಬಾರದು. ಕುಮಟೆಯವರು ಶಿರಸಿಯ ಅತ್ತೆಮನೆಗೆ ಹೋಗೋಣ ಎಂದರೆ ದೇವಿಮನೆ ಘಟ್ಟ ಹತ್ತಬೇಕು, ಅದೇ ಕುಸಿಯುವ ಜಾಗ. ಅಂಕೋಲೆಯಿಂದ ಯಲ್ಲಾಪುರಕ್ಕೆ ಹೋಗುವವರಿಗೆ ಅರಬೈಲ್ ಘಟ್ಟವೂ ಹಾಗೆಯೇ. ಕಾರವಾರದ ಕಾಳಿ ಹಳೆ ಸೇತುವೆ 2024ರ ಆಗಸ್ಟ್ 7ರಂದು ನಡುರಾತ್ರಿ ಕುಸಿದದ್ದನ್ನು ನೋಡಿದ ಮೇಲೆ, ಆಚೆ ದಡದ ನೆಂಟರನ್ನು ನೆಚ್ಚಿಕೊಳ್ಳುವ ಮೊದಲು ಈಚೆ ದಡದಲ್ಲಿ ಎತ್ತರದಲ್ಲಿರುವ ಒಂದು ಮನೆಯನ್ನು ಹುಡುಕಿಕೊಳ್ಳುವುದು ಜಾಣತನ. ದೂರದ ನೆಂಟರಾದರೂ ಪರವಾಗಿಲ್ಲ. ಮಳೆಗಾಲಕ್ಕೆ ಮೊದಲೇ ಹೋಗಿ, "ಅಕ್ಕ, ನೀರು ಬಂದರೆ ನಾವು ನಿಮ್ಮಲ್ಲಿಗೇ ಬರುವುದು" ಎಂದು ಬಾಯಿಬಿಟ್ಟು ಹೇಳಿಡಿ. ಹೇಳದೆ ಇದ್ದರೆ ಆ ಹೊತ್ತಿಗೆ ಸಂಕೋಚ ಕಾಲು ಹಿಡಿಯುತ್ತದೆ.

ಜನ ಹೊರಡದೆ ಉಳಿಯಲು ದೊಡ್ಡ ಕಾರಣ ದನ. ಕೊಟ್ಟಿಗೆಯಲ್ಲಿ ಆಕಳು, ಕರು ಇರುವಾಗ ಯಾರಿಗೆ ಹೊರಡಲು ಮನಸ್ಸು ಬರುತ್ತದೆ ಹೇಳಿ. ಹಾಗಾಗಿ ದನಕ್ಕೂ ಒಂದು ಜಾಗ ಮೊದಲೇ ನೋಡಿಡಬೇಕು. ಎತ್ತರದ ಮನೆಯ ಕೊಟ್ಟಿಗೆ ಆದೀತು, ದೇವಸ್ಥಾನದ ಬಯಲು ಆದೀತು. ಸಮಯವೇ ಇಲ್ಲದಿದ್ದರೆ ಹಗ್ಗ ಬಿಚ್ಚಿ ಬಿಡಿ. ಕಟ್ಟಿದ ದನ ಮುಳುಗುತ್ತದೆ, ಬಿಟ್ಟ ದನ ಎತ್ತರಕ್ಕೆ ದಾರಿ ಹುಡುಕಿಕೊಳ್ಳುತ್ತದೆ.

ಧರೆಗೆ ಗೋಡೆಯೋ, ಚರಂಡಿಯೋ?

ದುಡ್ಡು ಜಾಸ್ತಿ ಹೋಗುವುದು ಇಲ್ಲಿ. ಹಾಗಾಗಿ ಸ್ವಲ್ಪ ನಿಧಾನವಾಗಿ ನೋಡೋಣ.

ಧರೆ ಜರಿಯಲು ಮುಖ್ಯ ಕಾರಣ ಒಳಗೆ ತುಂಬುವ ನೀರು. ಮಣ್ಣು ನೀರು ಕುಡಿದು ಭಾರವಾಗುತ್ತದೆ, ಹಿಡಿತ ಕಳೆದುಕೊಳ್ಳುತ್ತದೆ. ಹಾಗಾಗಿ ಮೊದಲ ಕೆಲಸ ಮೇಲಿನಿಂದ ಬರುವ ನೀರನ್ನು ಧರೆಯ ನೆತ್ತಿಗೆ ಬರದಂತೆ ತಿರುಗಿಸುವುದು. ನೆತ್ತಿಯಿಂದ ಸ್ವಲ್ಪ ಹಿಂದೆ ಒಂದು ಕಾಲುವೆ ತೆಗೆದು, ನೀರು ಇಂಗದಂತೆ ಮಾಡಿ, ಪಕ್ಕದ ಹಳ್ಳಕ್ಕೆ ಬಿಡುವುದು. ಎರಡು ಆಳಿನ ಕೆಲಸ. ಖರ್ಚೂ ಕಡಿಮೆ, ಉಪಯೋಗವೂ ಹೆಚ್ಚು. ಧರೆಯ ಮೇಲೆಯೇ ಇಂಗುಗುಂಡಿ ತೋಡಿದ್ದರೆ ಅಥವಾ ಬಚ್ಚಲ ನೀರು ಬಿಟ್ಟಿದ್ದರೆ ಅದನ್ನು ಈ ವರ್ಷವೇ ನಿಲ್ಲಿಸಿ.

ಕಲ್ಲಿನ ಅಥವಾ ಕಾಂಕ್ರೀಟಿನ ತಡೆಗೋಡೆ ದುಬಾರಿ. ಸರಿಯಾಗಿ ಕಟ್ಟಿದರೆ ಗಟ್ಟಿ. ಆದರೆ ನೀರು ಹೊರಬರಲು ತೂತು ಇಡದೆ, ಹಿಂದೆ ಜಲ್ಲಿ ತುಂಬದೆ ಕಟ್ಟಿದ ಗೋಡೆಯ ಹಿಂದೆ ನೀರು ಸೇರುತ್ತಾ ಹೋಗಿ ಗೋಡೆಯ ಸಮೇತ ಬೀಳುತ್ತದೆ. ಅಂಥ ಗೋಡೆಗಿಂತ ಗೋಡೆ ಇಲ್ಲದ ಧರೆಯೇ ವಾಸಿ. ಗೋಡೆ ಇದ್ದರೆ ಮನೆಯವರು ಧೈರ್ಯವಾಗಿ ಅದರ ಬುಡದಲ್ಲೇ ಮಲಗುತ್ತಾರಲ್ವಾ? ಎತ್ತರದ ಧರೆಯಾದರೆ ಎಂಜಿನಿಯರಿಗೆ ತೋರಿಸದೆ ಗೋಡೆ ಎಬ್ಬಿಸಬೇಡಿ.

ಮೂರನೆಯದು ಲಾವಂಚ. ಬೇರು ಆಳಕ್ಕೆ ಇಳಿಯುತ್ತದೆ, ಮೇಲ್ಮಣ್ಣು ಕೊಚ್ಚಿಹೋಗುವುದನ್ನು ಚೆನ್ನಾಗಿ ತಡೆಯುತ್ತದೆ. ಅಗ್ಗವೂ ಹೌದು. ಆದರೆ ಬೇರೂರಲು ಒಂದೆರಡು ವರ್ಷ ಬೇಕು, ಮತ್ತು ಗುಡ್ಡವೇ ಆಳದಿಂದ ಜಾರಿದರೆ ಅದನ್ನು ಹಿಡಿದಿಡುವ ಶಕ್ತಿ ಅದಕ್ಕಿಲ್ಲ. ಸಣ್ಣ, ಇಳಿಜಾರು ಧರೆಗೆ ಲಾವಂಚ ಮತ್ತು ಕಾಲುವೆ ಸಾಕು. ನೇರವಾಗಿ ಕಡಿದ ಎತ್ತರದ ಧರೆಗೆ ಕಾಲುವೆ ಮತ್ತು ಮೆಟ್ಟಿಲಾಗಿ ಕಡಿಯುವುದು. ಇಷ್ಟಕ್ಕೂ ಜಾಗವಿಲ್ಲದಿದ್ದರೆ ಸರಿಯಾದ ಗೋಡೆ. ಮಳೆ ಶುರುವಾದ ಮೇಲೆ ಜೆಸಿಬಿ ತಂದು ಧರೆ ಮುಟ್ಟುವುದು ಮಾತ್ರ ಬೇಡವೇ ಬೇಡ. ಆಗ ಬಿರುಕಿನ ಮೇಲೆ ತಾಡಪಾಲು ಹೊದಿಸಿ ನೀರು ಇಳಿಯದಂತೆ ಮಾಡಿ, ನೀವು ಹೊರಡಿ.

ಬೆಳಕು ಮತ್ತು ಚಾರ್ಜು

ಬಿಟ್ಟು ಹೊರಡುವ ಮನೆಗೆ ಇದು ಸುಲಭ. ಮನೆಯಲ್ಲಿ ಎಷ್ಟು ದೊಡ್ಡವರಿದ್ದಾರೋ ಅಷ್ಟು ತಲೆಗೆ ಕಟ್ಟುವ ಟಾರ್ಚು. ಕೈಯಲ್ಲಿ ಹಿಡಿಯುವ ಟಾರ್ಚಿಗಿಂತ ಇದು ಒಳ್ಳೆಯದು. ಒಂದು ಕೈಯಲ್ಲಿ ಮಗು, ಇನ್ನೊಂದರಲ್ಲಿ ಚೀಲ ಇರುವಾಗ ಟಾರ್ಚು ಹಿಡಿಯಲು ಮೂರನೇ ಕೈ ಎಲ್ಲಿಂದ ಬರಬೇಕು? ಜೊತೆಗೆ 20,000 ಎಂಎಎಚ್‌ನ ಒಂದು ಪವರ್ ಬ್ಯಾಂಕ್. ಅದು 5,000 ಎಂಎಎಚ್ ಬ್ಯಾಟರಿಯ ಫೋನನ್ನು ಸುಮಾರು ಎರಡೂವರೆ ಸಲ ತುಂಬುತ್ತದೆ. ಪವರ್ ಬ್ಯಾಂಕಿನ ಮೇಲೆ ಬರೆದ ಲೆಕ್ಕ ನೋಡಿ ನಾಲ್ಕು ಸಲ ಎಂದುಕೊಳ್ಳಬೇಡಿ, ನಡುವೆ ಸೋರಿಕೆ ಇದೆ.

ಒಳಗೇ ಉಳಿಯುವ ಮನೆಗೆ ಯೋಚನೆ ಬೇಕು. ನಮ್ಮಲ್ಲಿ ಸಾಮಾನ್ಯವಾಗಿ ಹಾಕುವುದು 150 ಎಎಚ್ ಟ್ಯೂಬುಲರ್ ಬ್ಯಾಟರಿಯ ಇನ್ವರ್ಟರ್. 12 ವೋಲ್ಟಿಗೆ ಗುಣಿಸಿದರೆ 1,800 ವ್ಯಾಟ್ ಗಂಟೆ. ಬ್ಯಾಟರಿಯನ್ನು ಪೂರ್ತಿ ಬರಿದು ಮಾಡಬಾರದು, ಇನ್ವರ್ಟರೂ ಸ್ವಲ್ಪ ತಿನ್ನುತ್ತದೆ. ಹಾಗಾಗಿ ಕೈಗೆ ಸಿಗುವುದು 1,000 ಎಂದು ಹಿಡಿಯಿರಿ. ನಾಲ್ಕು ಎಲ್‌ಇಡಿ ದೀಪ, ಇಂಟರ್‌ನೆಟ್ ಡಬ್ಬಿ ಸೇರಿ 50 ವ್ಯಾಟ್ ಆದರೆ ಒಟ್ಟು 20 ಗಂಟೆ. ದಿನಕ್ಕೆ ಐದು ಗಂಟೆ ಮಾತ್ರ ಬಳಸಿದರೆ ನಾಲ್ಕು ದಿನ ಬರುತ್ತದೆ. ಮಿಕ್ಸಿ, ಫ್ರಿಜ್ಜು, ಟಿವಿ ಸೇರಿಸಿದರೆ ಮೊದಲ ರಾತ್ರಿಯೇ ಕತ್ತಲೆ. ಲಿಥಿಯಂ ಬ್ಯಾಟರಿ ಅದೇ ಅಳತೆಯಲ್ಲಿ ಇದಕ್ಕಿಂತ ಜಾಸ್ತಿ ಕೊಡುತ್ತದೆ, ನೀರು ಹಾಕುವ ಕೆಲಸ ಇಲ್ಲ, ಬೇಗ ಚಾರ್ಜ್ ಆಗುತ್ತದೆ. ಮಧ್ಯೆ ಎರಡು ಗಂಟೆ ಕರೆಂಟು ಬಂದು ಹೋಗುವ ಊರಿಗೆ ಈ ಬೇಗ ಚಾರ್ಜ್ ಆಗುವ ಗುಣ ದೊಡ್ಡದು. ಬೆಲೆ ಮಾತ್ರ ಹೆಚ್ಚು. ಹಳೆಯ ಬ್ಯಾಟರಿ ಸಾಯುವ ಹಂತದಲ್ಲಿದ್ದರೆ ಲಿಥಿಯಂ ನೋಡಿ. ಇನ್ನೂ ಚೆನ್ನಾಗಿದ್ದರೆ ಸುಮ್ನೆ ಬದಲಿಸಬೇಡಿ.

ಸೋಲಾರ್ ಬಗ್ಗೆ ಒಂದು ಮಾತು ಜೋರಾಗಿಯೇ ಹೇಳಬೇಕು. ಚಾವಣಿ ಮೇಲೆ ಸೋಲಾರ್ ಹಾಕಿಸಿ ಹೆಸ್ಕಾಂ ಲೈನಿಗೆ ಜೋಡಿಸಿದ್ದರೆ, ಕರೆಂಟು ಹೋದಾಗ ಅದೂ ನಿಲ್ಲುತ್ತದೆ. ಲೈನ್ ಮೇಲೆ ಕೆಲಸ ಮಾಡುವವರಿಗೆ ಶಾಕ್ ಹೊಡೆಯಬಾರದೆಂದೇ ಹಾಗೆ ಮಾಡಿದ್ದಾರೆ. ಬ್ಯಾಟರಿ ಇರುವ ವ್ಯವಸ್ಥೆಯಾದರೆ ಮಾತ್ರ ಆಪತ್ತಿಗೆ ಆಗುತ್ತದೆ. ಹಾಗಿದ್ದರೂ ಶಿರಸಿಯ ಜುಲೈ ಮೋಡದಲ್ಲಿ ಬೇಸಿಗೆಯ ಕಾಲು ಭಾಗವೂ ಸಿಗದ ದಿನಗಳಿವೆ. ಬಿಲ್ ಉಳಿಸಲು ಸೋಲಾರ್ ಒಳ್ಳೆಯದೇ. ಮಳೆಗಾಲದ ಆಪತ್ತಿಗೆ ಅದೊಂದನ್ನೇ ನೆಚ್ಚಬೇಡಿ.

ಪೆಟ್ರೋಲ್ ಜನರೇಟರ್ ಒಂದೇ ಮನೆಗೆ ಹೊರೆ. ಹತ್ತಿರದ ಮೂರು ನಾಲ್ಕು ಮನೆ ಸೇರಿ ತಂದರೆ ಲಾಭ. ಎಲ್ಲರ ಇನ್ವರ್ಟರೂ ಸರದಿಯಲ್ಲಿ ಚಾರ್ಜ್ ಆಗುತ್ತದೆ, ಬಾವಿಯ ಪಂಪೂ ಓಡುತ್ತದೆ. ಮಳೆ ಅಂತ ಅದನ್ನು ಜಗುಲಿಯಲ್ಲೋ ಕೊಟ್ಟಿಗೆಯಲ್ಲೋ ಇಟ್ಟು ಓಡಿಸುವುದು ಜೀವಕ್ಕೆ ಅಪಾಯ. ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆ ಇಲ್ಲ, ನಿದ್ದೆಯಲ್ಲೇ ಕೊಲ್ಲುತ್ತದೆ. ಹೊರಗೆ, ಕಿಟಕಿಯಿಂದ ದೂರ, ಮೇಲೊಂದು ತಗಡು ಹಾಕಿ ಓಡಿಸಿ.

ಕುಡಿಯುವ ನೀರು

ಸುತ್ತ ನೀರೇ ನೀರು, ಕುಡಿಯಲು ಮಾತ್ರ ಇಲ್ಲ. ನೆರೆ ಬಂದ ಊರಿನ ಮೊದಲ ತಾಪತ್ರಯ ಇದೇ. ಕುಡಿಯಲು ಮತ್ತು ಅಡುಗೆಗೆ ಒಬ್ಬರಿಗೆ ದಿನಕ್ಕೆ ನಾಲ್ಕು ಲೀಟರ್ ಎಂದು ಲೆಕ್ಕ ಹಿಡಿಯಿರಿ. ನೆರೆ ಬರುವ ಊರಿನವರು ಎಚ್ಚರಿಕೆ ಬಂದ ಕೂಡಲೇ ಮುಚ್ಚಳದ ಕ್ಯಾನುಗಳಲ್ಲಿ ಬಾವಿ ನೀರು ತುಂಬಿ ಅಟ್ಟದ ಮೇಲಿಡಬೇಕು. ಆಮೇಲೆ ಬಾವಿಯನ್ನು ನಂಬುವಂತಿಲ್ಲ.

ಶುದ್ಧ ಮಾಡುವ ದಾರಿಗಳಲ್ಲಿ ಕುದಿಸುವುದೇ ಮೊದಲನೆಯದು. ಚೆನ್ನಾಗಿ ಕುದಿ ಬಂದು ಒಂದೆರಡು ನಿಮಿಷ ಕುದಿದರೆ ರೋಗಾಣು ಸಾಯುತ್ತದೆ. ಸೌದೆ ಇರುವ ಶಿರಸಿ ಮನೆಗೆ ಇದಕ್ಕಿಂತ ಒಳ್ಳೆಯದಿಲ್ಲ. ಗ್ಯಾಸು ಉಳಿಸಬೇಕಾದವರಿಗೆ, ಮನೆ ಬಿಟ್ಟು ಹೊರಟವರಿಗೆ ಕ್ಲೋರಿನ್ ಮಾತ್ರೆ ಅನುಕೂಲ. ಎಷ್ಟು ಲೀಟರಿಗೆ ಒಂದು ಎಂದು ಪೊಟ್ಟಣದ ಮೇಲೆ ಬರೆದಿರುತ್ತದೆ. ಮಾತ್ರೆ ಹಾಕಿ ಅರ್ಧ ಗಂಟೆ ಬಿಟ್ಟು ಕುಡಿಯಿರಿ. ಕೆಸರು ನೀರಾದರೆ ಮೊದಲು ಬಟ್ಟೆಯಲ್ಲಿ ಸೋಸಿ. ಗೋಡೆಗೆ ಹಾಕಿದ ಆರ್‌ಒ ಫಿಲ್ಟರು ಕರೆಂಟಿಲ್ಲದೆ ನಡೆಯುವುದಿಲ್ಲ.

ಬಾವಿಗೆ ಬ್ಲೀಚಿಂಗ್ ಪೌಡರ್ ಹಾಕುವುದನ್ನು ಬಹಳ ಜನ ಅಂದಾಜಿನಲ್ಲಿ ಮಾಡುತ್ತಾರೆ. ಲೆಕ್ಕ ಕಷ್ಟವಲ್ಲ. ಸಾವಿರ ಲೀಟರ್ ನೀರಿಗೆ 2.5 ಗ್ರಾಂ. ಬಾವಿಯ ಅಗಲವನ್ನು ಮೀಟರಿನಲ್ಲಿ ಅಳೆದು, ಅದನ್ನು ಅದರಿಂದಲೇ ಗುಣಿಸಿ, ನೀರಿನ ಆಳದಿಂದ ಗುಣಿಸಿ, 785ರಿಂದ ಗುಣಿಸಿದರೆ ಲೀಟರ್ ಸಿಗುತ್ತದೆ. ಎರಡು ಮೀಟರ್ ಅಗಲ, ಮೂರು ಮೀಟರ್ ನೀರಿರುವ ಬಾವಿಯಲ್ಲಿ ಸುಮಾರು 9,400 ಲೀಟರ್. ಅದಕ್ಕೆ 24 ಗ್ರಾಂ ಸಾಕು. ನೆರೆ ನೀರು ಹೊಕ್ಕ ಬಾವಿಯಾದರೆ ಮೊದಲು ಪಂಪು ಮಾಡಿ ಕೆಸರು ತೆಗೆದು, ಹೊಸ ನೀರು ಬಂದ ಮೇಲೆ ಇದರ ಎರಡು ಪಟ್ಟು ಹಾಕಿ. ಪುಡಿಯನ್ನು ಹಾಗೇ ಸುರಿಯಬೇಡಿ. ಬಕೆಟ್ಟಿನಲ್ಲಿ ಕದಡಿ, ಹತ್ತು ನಿಮಿಷ ಬಿಟ್ಟು, ಸುಣ್ಣ ತಳ ಸೇರಿದ ಮೇಲೆ ಮೇಲಿನ ತಿಳಿಯನ್ನು ಬೇರೆ ಬಕೆಟ್ಟಿಗೆ ಬಗ್ಗಿಸಿ, ಅದನ್ನು ಬಾವಿಗೆ ಇಳಿಸಿ ಎತ್ತಿ ಇಳಿಸಿ ಕಲಸಿ. ಒಂದು ಗಂಟೆ ಯಾರೂ ನೀರು ಸೇದಬಾರದು. ರಾತ್ರಿ ಹಾಕಿ ಬೆಳಿಗ್ಗೆ ಬಳಸುವುದು ಇನ್ನೂ ಒಳ್ಳೆಯದು. ಬ್ಲೀಚಿಂಗ್ ಪೌಡರ್ ತೇವ ತಾಗಿದರೆ ಸತ್ವ ಕಳೆದುಕೊಳ್ಳುತ್ತದೆ. ನಮ್ಮ ಹವೆಯಲ್ಲಿ ಹೋದ ವರ್ಷದ ಪೊಟ್ಟಣ ಈ ವರ್ಷ ಬರೀ ಸುಣ್ಣ. ಪ್ರತಿ ಮೇ ತಿಂಗಳು ಹೊಸದು ತಂದು ಬಿಗಿ ಮುಚ್ಚಳದ ಡಬ್ಬಿಯಲ್ಲಿಡಿ.

ಗುಡ್ಡದ ಅಬ್ಬಿ ನೀರು ಪೈಪಿನಲ್ಲಿ ಬರುವ ಮನೆಯವರಿಗೆ ಕರೆಂಟಿನ ಚಿಂತೆ ಇಲ್ಲ. ಆದರೆ ಪೈಪು ಕಿತ್ತುಹೋಗುವುದುಂಟು. ನೂರಡಿ ಪೈಪು, ಎರಡು ಜೋಡಣೆ ಹೆಚ್ಚಿಗೆ ಇರಲಿ.

ಒಲೆ ಮತ್ತು ಊಟ

ಇದನ್ನು ಬೇಗ ಮುಗಿಸುತ್ತೇನೆ, ಯಾಕೆಂದರೆ ನಮ್ಮ ಅಮ್ಮಂದಿರಿಗೆ ಇದು ನಮಗಿಂತ ಚೆನ್ನಾಗಿ ಗೊತ್ತು. ಒಳಗೇ ಉಳಿಯುವ ಮನೆಯಲ್ಲಿ ಸೌದೆ ಒಲೆಯನ್ನು ಕಿತ್ತು ಹಾಕಬೇಡಿ. ಗೋಬರ್ ಗ್ಯಾಸ್ ಇದ್ದರೆ ಅದಕ್ಕಿಂತ ಭದ್ರವಾದದ್ದಿಲ್ಲ, ಅದಕ್ಕೆ ಲಾರಿಯೂ ಬೇಡ, ತಂತಿಯೂ ಬೇಡ. ಇಂಡಕ್ಷನ್ ಒಲೆ ಆಪತ್ತಿಗೆ ಲೆಕ್ಕಕ್ಕಿಲ್ಲ. ಪೇಟೆಯ ಮನೆಗೆ ಎರಡನೇ 14.2 ಕೆ.ಜಿ. ಸಿಲಿಂಡರ್ ಸಾಕು. ಅದಿಲ್ಲದ ಬಾಡಿಗೆ ಮನೆಯವರು 5 ಕೆ.ಜಿ.ಯ ಸಣ್ಣ ಸಿಲಿಂಡರ್ ನೋಡಬಹುದು. ನೆರೆ ಬರುವ ಮನೆಯಲ್ಲಿ ಹೊರಡುವ ಮೊದಲು ರೆಗ್ಯುಲೇಟರ್ ತೆಗೆದು, ಮುಚ್ಚಳ ಹಾಕಿ, ಸಿಲಿಂಡರನ್ನು ಕಂಬಕ್ಕೋ ಕಿಟಕಿ ಸರಳಿಗೋ ಕಟ್ಟಿ. ನೀರಿನಲ್ಲಿ ಅದು ತೇಲಿ ಹೋಗುತ್ತದೆ. ಗ್ಯಾಸು ಸೋರಿದರೆ 1906.

ಹೊರಡುವ ಚೀಲಕ್ಕೆ ಅವಲಕ್ಕಿ, ಬೆಲ್ಲ, ಹುರಿಗಡಲೆ. ಬೇಯಿಸುವ ಕೆಲಸ ಇಲ್ಲ, ಹಲ್ಲಿಲ್ಲದ ಅಜ್ಜಿಗೂ ನೆನೆಸಿ ಕೊಡಬಹುದು. ನೂಡಲ್ಸ್ ಪೊಟ್ಟಣಕ್ಕೆ ಬಿಸಿನೀರು ಬೇಕು, ಅದು ಬೇಡ.

ಔಷಧ, ಆಸ್ಪತ್ರೆ, ಸುದ್ದಿ

ನಮ್ಮ ಜಿಲ್ಲೆಯ ದೊಡ್ಡ ನೋವು ಇದು. ಗಂಭೀರವಾದರೆ ಮಣಿಪಾಲವೋ, ಹುಬ್ಬಳ್ಳಿಯೋ, ಗೋವೆಯೋ. ಮಳೆಗಾಲದಲ್ಲಿ ಇವಕ್ಕೆಲ್ಲ ಘಟ್ಟ ಅಥವಾ ಹೆದ್ದಾರಿ ತೆರೆದಿರಬೇಕು. ಹಾಗಾಗಿ ಒಳಗಿನ ಊರಿನ ಗರ್ಭಿಣಿಯನ್ನು ದಿನ ತುಂಬುವವರೆಗೆ ಮನೆಯಲ್ಲೇ ಇಟ್ಟುಕೊಳ್ಳುವುದೋ, ಮುಂಚೆಯೇ ಪೇಟೆಗೆ ಕರೆತರುವುದೋ ಎಂಬ ಪ್ರಶ್ನೆಗೆ ನನ್ನ ಉತ್ತರ ಒಂದೇ: ಎರಡು ವಾರ ಮೊದಲೇ ಆಸ್ಪತ್ರೆ ಇರುವ ಊರಿಗೆ ಬನ್ನಿ. ಡಯಾಲಿಸಿಸ್‌ನವರೂ ಕೆಂಪು ಎಚ್ಚರಿಕೆಯ ದಿನಗಳಲ್ಲಿ ಪೇಟೆಯಲ್ಲೇ ಉಳಿಯುವುದು ಒಳ್ಳೆಯದು. ಬಿಪಿ, ಸಕ್ಕರೆ ಕಾಯಿಲೆಯ ಮಾತ್ರೆ ಒಂದು ತಿಂಗಳಿನದು ಹೆಚ್ಚಿಗೆ ಇರಲಿ. ಕರೆಂಟಿಲ್ಲದಾಗ ಇನ್ಸುಲಿನ್ ಕೆಡುತ್ತದೆಂದು ಎಸೆಯಬೇಡಿ, ಬಳಸುತ್ತಿರುವ ಬಾಟಲಿ ತಂಪಾದ ಜಾಗದಲ್ಲಿ ಸುಮಾರು ನಾಲ್ಕು ವಾರ ಉಳಿಯುತ್ತದೆ. ಒದ್ದೆ ಮಣ್ಣಿನ ಮಡಕೆಯೊಳಗೆ ನೀರು ತಾಗದಂತೆ ಇಟ್ಟರೆ ಸಾಕು. ಭೇದಿಗೆ ಓಆರ್‌ಎಸ್ ಇಲ್ಲದಿದ್ದರೆ ಒಂದು ಲೀಟರ್ ಶುದ್ಧ ನೀರಿಗೆ ಆರು ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು. ಎರಡೂ ಟೀ ಚಮಚದ ಅಳತೆ, ತಲೆ ತಟ್ಟಿ ಹಾಕಿ. ನೆರೆ ಇಳಿದ ಮೇಲೆ ಹಾವು ಮನೆಯೊಳಗೆ ಇರುತ್ತದೆ. ಕಚ್ಚಿದರೆ ಕಟ್ಟು ಬಿಗಿಯುವುದು, ಕೊಯ್ಯುವುದು ಬೇಡ, ಅಲುಗಾಡಿಸದೆ ಆಸ್ಪತ್ರೆಗೆ. ಕೆಸರಿನಲ್ಲಿ ಕೆಲಸ ಮಾಡಿದ ಮೇಲೆ ಜ್ವರ ಬಂದರೆ ಇಲಿಜ್ವರ ಇರಬಹುದು, ವೈದ್ಯರಿಗೆ ಕೆಸರಿನ ವಿಷಯ ಹೇಳಿ.

ಸುದ್ದಿಗೆ ವಾಟ್ಸ್ಆ್ಯಪ್ ಗುಂಪು ವೇಗ, ಆದರೆ ಹಳೆಯ ವಿಡಿಯೊ ಹೊಸದೆಂದು ಬರುವುದೂ ಅಲ್ಲೇ. ಅಧಿಕೃತ ಎಚ್ಚರಿಕೆಗೆ ಸಚೇತ್ ಆ್ಯಪ್, ಸಿಡಿಲಿಗೆ ದಾಮಿನಿ ಆ್ಯಪ್. ಟವರಿನ ಬ್ಯಾಟರಿ ಮುಗಿದ ಮೇಲೆ ಯಾವ ಆ್ಯಪ್ ಕೂಡ ಇಲ್ಲ, ಆಗ ಸೆಲ್ ಹಾಕುವ ರೇಡಿಯೊ. ಕಾರವಾರ ಆಕಾಶವಾಣಿ ಸಿಗುವ ಊರಿನವರು ಒಂದು ರೇಡಿಯೊ ಇಟ್ಟುಕೊಳ್ಳಿ. ಶಿರಸಿ ಕಡೆ ಈಗ ಹಳ್ಳಿಗೂ ಫೈಬರ್ ಬಂದಿದೆ. ತಂತಿ ಕಡಿಯದಿದ್ದರೆ, ಡಬ್ಬಿಗೆ ಬ್ಯಾಟರಿ ಇದ್ದರೆ, ಟವರ್ ಇಲ್ಲದಿದ್ದರೂ ವೈಫೈ ಕಾಲ್ ಹೋಗುತ್ತದೆ. ಫೋನಿನಲ್ಲಿ ಅದನ್ನು ಇವತ್ತೇ ಆನ್ ಮಾಡಿಡಿ. ಮನೆಯಲ್ಲಿ ಇಬ್ಬರ ಸಿಮ್ ಬೇರೆ ಬೇರೆ ಕಂಪನಿಯದಿರಲಿ. 112 ತುರ್ತಿಗೆ, 108 ಆಂಬುಲೆನ್ಸಿಗೆ, 1077 ಜಿಲ್ಲಾ ಕಂಟ್ರೋಲ್ ರೂಮಿಗೆ, 1912 ಹೆಸ್ಕಾಂಗೆ. ಇವನ್ನು ಕಾಗದದಲ್ಲಿ ಬರೆದು ಬಾಗಿಲ ಹಿಂದೆ ಅಂಟಿಸಿ.

ಕಾಗದಪತ್ರ ಮತ್ತು ವಿಮೆ

ಆಧಾರ್, ಪಡಿತರ ಚೀಟಿಯಂಥವು ಡಿಜಿಲಾಕರಿನಲ್ಲಿದ್ದರೆ ಮೂಲ ಪತ್ರದಷ್ಟೇ ಬೆಲೆ. ಮನೆಯ ಪತ್ರ, ಹಳೆಯ ಪಹಣಿ, ಬಾಂಡು ಮಾತ್ರ ಕೈಯಲ್ಲೇ ಇರಬೇಕಾದವು. ಅವಕ್ಕೆ ಜಿಪ್ ಇರುವ ಪ್ಲಾಸ್ಟಿಕ್ ಚೀಲ, ಅದು ಹೊರಡುವ ಚೀಲದೊಳಗೆ.

ಸರ್ಕಾರದ ಪರಿಹಾರ ಸಾಕೋ, ವಿಮೆ ಬೇಕೋ? ಕೇಂದ್ರದ ನಿಯಮದಂತೆ ಬಯಲು ಪ್ರದೇಶದಲ್ಲಿ ಪೂರ್ತಿ ಬಿದ್ದ ಮನೆಗೆ ಸಿಗುವುದು 1.20 ಲಕ್ಷ ರೂಪಾಯಿ. ಕೆಲವು ವರ್ಷ ರಾಜ್ಯ ಇದಕ್ಕೆ ಸೇರಿಸುತ್ತದೆ, 2019ರಲ್ಲಿ 5 ಲಕ್ಷದವರೆಗೆ ಕೊಟ್ಟಿತು. ಅದು ಆಯಾ ವರ್ಷದ ತೀರ್ಮಾನ, ಹಕ್ಕಿನಂತೆ ಕೇಳಲಾಗದು. 2021ರ ಏಪ್ರಿಲ್‌ನಿಂದ ಎಲ್ಲ ಸಾಮಾನ್ಯ ವಿಮಾ ಕಂಪನಿಗಳೂ ಭಾರತ್ ಗೃಹ ರಕ್ಷಾ ಎಂಬ ಒಂದೇ ಮಾದರಿಯ ಪಾಲಿಸಿ ಕೊಡುತ್ತವೆ. ಬೆಂಕಿ, ಸಿಡಿಲು, ನೆರೆ, ಚಂಡಮಾರುತ, ಭೂಕುಸಿತ ಎಲ್ಲವೂ ಅದರಲ್ಲಿದೆ. ಕಟ್ಟಡಕ್ಕೆ ಮಾಡಿಸಿದರೆ ಅದರ ಶೇ. 20ರಷ್ಟು, ಗರಿಷ್ಠ 10 ಲಕ್ಷದವರೆಗೆ, ಮನೆಯ ಸಾಮಾನಿಗೂ ತಾನಾಗಿ ಸೇರುತ್ತದೆ. ನಮ್ಮವರು ಗಮನಿಸಬೇಕಾದದ್ದು ಎರಡು. ಕಡಲ್ಕೊರೆತ ಮತ್ತು ಹೊಳೆಯ ಕೊರೆತ ಅದರಲ್ಲಿ ಸೇರುವುದಿಲ್ಲ, ಹಾಗಾಗಿ ಅಲೆ ಮನೆ ಬುಡಕ್ಕೇ ಬಂದವರು ಸರ್ಕಾರದ ಬಾಗಿಲನ್ನೇ ತಟ್ಟಬೇಕು. ಮಣ್ಣು ಅಗೆದ ಕೆಲಸದಿಂದ ಕುಸಿದರೂ ಹಣ ಸಿಗದು. ಉಳಿದಂತೆ ಘಟ್ಟದ ಮೇಲಿನವರಿಗಿಂತ ಹೊಳೆ ಮತ್ತು ಧರೆ ಬದಿಯವರಿಗೆ ಇದು ಮೊದಲು ಬೇಕು.

ಯಾವುದನ್ನು ನೆಚ್ಚಿದರೂ ಸಾಕ್ಷಿ ಬೇಕು. ಈಗಲೇ ಪ್ರತಿ ಕೋಣೆಯ, ಕೊಟ್ಟಿಗೆಯ, ಬಾವಿಯ, ಪಂಪಿನ ಫೋಟೊ ತೆಗೆದು ಬೇರೆ ಊರಿನ ಮಗನಿಗೋ ತಂಗಿಗೋ ಕಳಿಸಿಡಿ. ನೆರೆ ಇಳಿದ ಮೇಲೆ ಗೋಡೆಯಲ್ಲಿ ನೀರು ನಿಂತ ಗುರುತು ಕಾಣುವಂತೆ ಮತ್ತೆ ತೆಗೆಯಿರಿ. ಗ್ರಾಮ ಆಡಳಿತಾಧಿಕಾರಿ ಬಂದು ಪಂಚನಾಮೆ ಮಾಡುವ ಮೊದಲು ಬಿದ್ದ ಗೋಡೆ ಎತ್ತಬೇಡಿ. ಎತ್ತಲೇಬೇಕಾದರೆ ಪಕ್ಕದ ಮನೆಯವರನ್ನು ಕರೆದು ಅವರ ಎದುರಿಗೇ ಫೋಟೊ ತೆಗೆದು, ಅವತ್ತೇ ಅರ್ಜಿ ಕೊಟ್ಟು ಸ್ವೀಕೃತಿ ತೆಗೆದುಕೊಳ್ಳಿ.